ಮಂದಿಗೆ ಕೇಳದ ಸಪ್ಪಳ

ನಮ್ಮ ಕಾಕಾ ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವರು. ಕಲಬುರಗಿ ಜಿಲ್ಲೆಯ ಆಳಂದದ ಕಡೆ ತೊಗರಿ ರಾಶಿ ಶುರುವಾಯಿತೆಂದರೆ ಡಿಸೆಂಬರಿನಿಂದ ಸಂಕ್ರಾಂತಿ ದಾಟುವವರೆಗೂ ಅವರ ಊಟ, ನಿದ್ದೆ ಎಲ್ಲ ರಾಶಿ ಮಷಿನ್ನಿನ ಬಗಲಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ರಾತ್ರಿ ಕರೆಂಟು ಹೋಯಿತು. ಕೂಲರ್ ನಿಂತಿತು, ಊರು ಗಪ್ಪಾಯಿತು. ಹೊರಸಿನ ಮೇಲೆ ಮಲಗಿದ್ದ ಕಾಕಾ ಎದ್ದು ಕೂತು, “ತಮ್ಮಾ, ಟಿ.ಸಿ. ಗುಂಯ್ ಅನ್ನೋದು ನಿನಗೂ ಕೇಳಸಲತ್ತದೇನು?” ಎಂದರು. ಕರೆಂಟೇ ಇಲ್ಲದ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ಗುಂಯ್ ಅಂದೀತು? “ಇಲ್ಲ ಕಾಕಾ” ಅಂದೆ. ಅವರು ಮತ್ತೆ ಮಲಗಿದರು. ಮುಂದೆ ಎರಡು ವರ್ಷ ಆ ಸಪ್ಪಳದ ಸುದ್ದಿಯನ್ನೇ ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಎಂದು ಬಹಳ ದಿನದ ಮೇಲೆ ಕೇಳಿದೆ. “ಮಂದಿಗಿ ಕೇಳಲಾರದ್ದು ನನಗೊಬ್ಬನಿಗೇ ಕೇಳ್ತದಂದ್ರ ಏನಂದಾರು? ಒಂದೋ ಗಾಳಿ ಬಡದದ ಅಂತಾರ, ಇಲ್ಲಾ ತಲಿ ಕೆಟ್ಟದ ಅಂತಾರ. ಎರಡೂ ಬ್ಯಾಡಂತ ಸುಮ್ಮಕಾದೆ” ಎಂದರು.

ಕಿವಿಮೊರೆತ, ವೈದ್ಯರ ಮಾತಿನಲ್ಲಿ ಟಿನ್ನಿಟಸ್, ಅಪರೂಪದ ಕಾಯಿಲೆಯಲ್ಲ. ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಸದ್ದು ಕೇಳುವುದಕ್ಕೆ ಈ ಹೆಸರು. ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 14 ಜನ ಒಂದಲ್ಲ ಒಂದು ಬಗೆಯಲ್ಲಿ ಇದನ್ನು ಅನುಭವಿಸಿದವರು. ನೂರಕ್ಕೆ ಇಬ್ಬರಿಗೆ ಅದು ತೀವ್ರ. ಆ ಲೆಕ್ಕವನ್ನೇ ಹಿಡಿದರೆ ಸಾವಿರ ಮಂದಿ ದೊಡ್ಡವರಿರುವ ಒಂದು ಹಳ್ಳಿಯಲ್ಲಿ ಇಪ್ಪತ್ತು ಜನರ ದಿನಚರಿಯನ್ನೇ ಈ ಸಪ್ಪಳ ಕೆಡಿಸಿರಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಊರಿಗಾದರೂ ಹೋಗಿ ಆ ಇಪ್ಪತ್ತು ಜನರನ್ನು ಹುಡುಕಿ ನೋಡಿ. ಸಿಗುವುದಿಲ್ಲ. ಬಿ.ಪಿ. ಇರುವವರು ಸಿಗುತ್ತಾರೆ, ನಿದ್ದೆ ಬಾರದವರು ಸಿಗುತ್ತಾರೆ, “ಸಿಟ್ಟು ಭಾಳ, ಮಂದಿಗಿ ಕೂಡಂಗಿಲ್ಲ” ಎಂದು ಮನೆಯವರಿಂದ ಬೈಸಿಕೊಳ್ಳುವವರು ಸಿಗುತ್ತಾರೆ. ಆ ಇಪ್ಪತ್ತು ಜನ ಇವರೊಳಗೇ ಅಡಗಿದ್ದಾರೆ.

ಸಪ್ಪಳಕ್ಕೆ ನಮ್ಮ ಕಡೆ ಹೆಸರು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಜುಂಯ್ ಅಂತದ, ಜೀರ್ ಅಂತದ, ಕುಕ್ಕರ್ ಸೀಟಿ ಹೊಡದಂಗ ಆಗ್ತದ, ಹಿಟ್ಟಿನ ಗಿರಣಿ ನಡದಂಗ ಆಗ್ತದ. ಹೆಣ್ಣುಮಕ್ಕಳು ಹೆಚ್ಚಾಗಿ ಕಿವಿಯ ಮಾತೇ ಆಡುವುದಿಲ್ಲ. “ತಲಿ ಜುಮ್ ಅಂತದರೀ” ಎನ್ನುತ್ತಾರೆ. ವೈದ್ಯರು ಬಿ.ಪಿ. ನೋಡಿ, ರಕ್ತ ಕಡಿಮೆಯೆಂದು ಟಾನಿಕ್ ಬರೆದು ಕಳಿಸುತ್ತಾರೆ. ರಕ್ತಹೀನತೆಯಿಂದಲೂ ಕಿವಿ ಮೊರೆಯುವುದುಂಟು, ಆದ್ದರಿಂದ ಟಾನಿಕ್ ತಪ್ಪೆನ್ನಲಾರೆ. ಆದರೆ ಕಿವಿಯ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ.

ಈ ಸಪ್ಪಳ ಎಲ್ಲಿಂದ ಬರುತ್ತದೆ? ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಕೂದಲಿನಂಥ ನವಿರು ಎಳೆಗಳಿರುವ ಜೀವಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂಕೇತವಾಗಿ ಮಾಡಿ ಮಿದುಳಿಗೆ ಕಳಿಸುವುದು ಅವುಗಳ ಕೆಲಸ. ದೊಡ್ಡ ಸದ್ದು, ವಯಸ್ಸು, ಕೆಲವು ಔಷಧಿ, ಮಗುವಾಗಿದ್ದಾಗ ಸೋರಿದ ಕಿವಿ, ಇವುಗಳಲ್ಲಿ ಯಾವುದರಿಂದಲಾದರೂ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸುದ್ದಿ ಬರುವುದು ನಿಂತಾಗ ಮಿದುಳು ತನ್ನ ಕಡೆಯ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೋಗೆ ಸದ್ದು ಏರಿಸಿದರೆ ಕರಕರ ಕೇಳುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಕಾಲು ಕತ್ತರಿಸಿದ ಮೇಲೂ ಇಲ್ಲದ ಪಾದ ತುರಿಸಿದಂತಾಗುವ ಅನುಭವಕ್ಕೆ ಇದನ್ನು ಹೋಲಿಸುವವರಿದ್ದಾರೆ. ಕಿವಿಯಲ್ಲಿ ಬರೀ ಗುಗ್ಗೆ ಕಟ್ಟಿದ್ದರೂ ಮೊರೆಯಬಹುದು. ಆಗ ಅದನ್ನು ತೆಗೆಸಿದರೆ ಮುಗಿಯಿತು. ಆದರೆ ಜಾತ್ರೆಯಲ್ಲಿ ಕಡ್ಡಿ ಹಿಡಿದು ಕಿವಿ ಸ್ವಚ್ಛ ಮಾಡುವವರಿಂದಲ್ಲ, ವೈದ್ಯರಿಂದ. ಕಾಸಿದ ಎಣ್ಣೆ ಬಿಡುವುದೂ ಬೇಡ. ಪರದೆ ತೂತಾಗಿದ್ದರೆ ಆ ಎಣ್ಣೆ ಒಳಗೇ ಹೋಗುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಕಿವಿ ಕೆಡಿಸುವ ಸದ್ದಿಗೆ ಬರವಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಎನ್ನುವುದು ಕಿವಿ ತಡೆಯುವ ಮಿತಿ. ಅದರ ಮೇಲೆ ಪ್ರತಿ ಮೂರು ಡೆಸಿಬಲ್ಲಿಗೆ ಸುರಕ್ಷಿತ ಹೊತ್ತು ಅರ್ಧಕ್ಕಿಳಿಯುತ್ತದೆ. ಕ್ಯಾಬಿನ್ನಿಲ್ಲದ ಟ್ರ್ಯಾಕ್ಟರಿನ ಸೀಟಿನಲ್ಲಿ 90ರ ಆಸುಪಾಸು. ರಾಶಿ ಮಷಿನ್, ದಾಲ್ ಮಿಲ್, ಸಕ್ಕರೆ ಕಾರ್ಖಾನೆಯ ಟರ್ಬೈನು, ಕಲ್ಲಿನ ಗಣಿ, ಯಾವುದೂ ಅದಕ್ಕಿಂತ ಮೆದುವಲ್ಲ. ಕಾರ್ಖಾನೆಗೆ ಕಾಯ್ದೆಯಿದೆ, ಹೊಲಕ್ಕೆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಇನ್ನು ಡಿ.ಜೆ. ಶಬ್ದಮಾಲಿನ್ಯದ ನಿಯಮಗಳು ಬಂದದ್ದು 2000ನೇ ಇಸವಿಯಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಮದುವೆ ಮೆರವಣಿಗೆಯಲ್ಲಿ ಎದೆ ನಡುಗುವ ಪೆಟ್ಟಿಗೆಯ ಮುಂದೆ ಐದು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವವರಿಗೆ ಆ ನಿಯಮ ಗೊತ್ತಿರಲಿಕ್ಕಿಲ್ಲ. ಗೊತ್ತಿರುವ ಪೊಲೀಸರು ಸುಮ್ಮನೆ ನಿಂತಿರುತ್ತಾರೆ. ಹಿಂದೆ ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್‌ನಿಂದ ಕಿವಿ ಕಳೆದುಕೊಂಡವರದೇ ಬೇರೆ ಕಥೆ. ಜೀವ ಉಳಿಯಿತಲ್ಲ, ಕಿವಿಯದೇನು ಎಂದು ಅವರು ದೂರಲೂ ಇಲ್ಲ.

ಇಷ್ಟು ಕಿವಿಯ ಮಾತಾಯಿತು. ಮನಸ್ಸಿನ ಮಾತು ಇದಕ್ಕಿಂತ ದೊಡ್ಡದು.

ಸಪ್ಪಳ ಇರುವವರೆಲ್ಲ ನರಳುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಕಿವಿ ಚೆನ್ನಾಗಿರುವ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ನುಸುಳದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತದೆ ಎಂದು ಕೇಳಿದರು. ನೂರಕ್ಕೆ 94 ಮಂದಿ ಏನೋ ಒಂದು ಸಪ್ಪಳದ ವಿವರ ಕೊಟ್ಟರು. ಅಂದರೆ ಪೂರ್ತಿ ನಿಶ್ಶಬ್ದದಲ್ಲಿ ಹೆಚ್ಚುಕಡಿಮೆ ಎಲ್ಲರ ತಲೆಯೂ ಮೊರೆಯುತ್ತದೆ. ಹಾಗಾದರೆ ಒಬ್ಬರಿಗೆ ಅದು ಗಡಿಯಾರದ ಟಿಕ್‌ಟಿಕ್‌ನಂತೆ ಮರೆತುಹೋಗುವುದು, ಇನ್ನೊಬ್ಬರಿಗೆ ಜೀವ ಹಿಂಡುವುದು ಯಾಕೆ? 1990ರಲ್ಲಿ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ ಕೊಟ್ಟ ವಿವರಣೆಯನ್ನು ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ. ಮಿದುಳು ಆ ಸದ್ದಿಗೆ ಅಪಾಯದ ಚೀಟಿ ಅಂಟಿಸಿದರೆ ಭಯದ ಕೇಂದ್ರ ಎಚ್ಚರಾಗುತ್ತದೆ. ಭಯ ಎಚ್ಚರಿರುವವರೆಗೆ ಗಮನ ಸದ್ದಿನ ಮೇಲೇ ನೆಟ್ಟಿರುತ್ತದೆ. ಗಮನ ನೆಟ್ಟಷ್ಟೂ ಸದ್ದು ಜೋರಾಗುತ್ತದೆ. ಹೊಲ ಕಾಯುವವನಿಗೆ ಎಲೆ ಅಲುಗಿದರೂ ಹಂದಿ ಬಂದಂತೆ ಕೇಳುವುದಿಲ್ಲವೇ, ಹಾಗೆ.

ಮೊದಲು ಹಾಳಾಗುವುದು ನಿದ್ದೆ. ಹಗಲಿನ ಗದ್ದಲದಲ್ಲಿ ಅಡಗಿದ್ದ ಸದ್ದು ದೀಪ ಆರಿಸಿದ ಮೇಲೆ ತಲೆದಿಂಬಿಗೇ ಬರುತ್ತದೆ. ನಿದ್ದೆಗೆಟ್ಟವನಿಗೆ ಮರುದಿನ ಸಿಟ್ಟು. ಎದುರಿನವರ ಮಾತು ಸರಿಯಾಗಿ ಕೇಳದೆ “ಆಂ?” ಎಂದು ಎರಡು ಸಲ ಕೇಳಿ ಮೂರನೆಯ ಸಲಕ್ಕೆ ನಾಚಿಕೆ. ಕಟ್ಟೆಗೆ ಹೋಗುವುದು ಬಿಡುತ್ತಾರೆ, ಮದುವೆಗೆ ಹೋಗುವುದು ಬಿಡುತ್ತಾರೆ. “ಇದು ಜೋರಾಗ್ತಾ ಹೋಗಿ ಪೂರಾ ಕೆಪ್ಪ ಆಗ್ತೀನೇನೋ”, “ತಲ್ಯಾಗ ಗಡ್ಡಿ ಆಗ್ಯಾದೇನೋ” ಎಂಬ ಯೋಚನೆಗಳು ಗುಂಗಿಹುಳದಂತೆ ಕೊರೆಯುತ್ತವೆ. ಹೀಗೆ ಚಿಂತೆ ಖಿನ್ನತೆಯಾಗುತ್ತದೆ. ಉಲ್ಟಾ ದಾರಿಯೂ ಇದೆ: ಬೆಳೆ ಹೋಗಿ, ಸಾಲ ತಲೆಗೇರಿ ಮೊದಲೇ ಕುಗ್ಗಿದವರಿಗೆ ಇದ್ದ ಸಣ್ಣ ಸದ್ದೇ ಸಹಿಸಲಾರದಷ್ಟಾಗುತ್ತದೆ. ತೊಗರಿಗೆ ನೆಟೆರೋಗ ಬಿದ್ದ ವರ್ಷ ಕಿವಿಯ ಸಪ್ಪಳ ಜೋರಾಯಿತು ಎಂದು ರೈತ ಹೇಳಿದರೆ ನಗಬೇಡಿ, ಅದು ಶಾಸ್ತ್ರಕ್ಕೆ ಸರಿಯಾದ ಮಾತು.

ಮುಚ್ಚಿಡುವುದು ನಮ್ಮವರೊಬ್ಬರದೇ ಗುಣವಲ್ಲ. ಸಂಗೀತಗಾರ ಬೀಥೋವನ್ 1801ರಲ್ಲಿ ಗೆಳೆಯ ವೇಗೆಲರ್‌ಗೆ ಬರೆದ ಪತ್ರದಲ್ಲಿ ತನ್ನ ಕಿವಿಗಳು ಹಗಲೂ ರಾತ್ರಿ ಮೊರೆಯುತ್ತಿವೆ ಎನ್ನುತ್ತಾನೆ. ಕಿವುಡನೆಂದು ಜನರ ಮುಂದೆ ಹೇಳಿಕೊಳ್ಳಲಾರದೆ ಸುಮಾರು ಎರಡು ವರ್ಷದಿಂದ ನಾಲ್ಕು ಜನ ಸೇರುವಲ್ಲಿಗೆ ಹೋಗಿಲ್ಲ ಎಂದೂ ಹೇಳುತ್ತಾನೆ. ನಮ್ಮ ಕಾಕಾನಿಗೂ ಎರಡು ವರ್ಷ.

ಗಾಳಿ, ದೆವ್ವ, ಹುಚ್ಚು ಎಂಬ ಮಾತಿಗೆ ಬರೋಣ, ಏಕೆಂದರೆ ಈ ಸೀಮೆಯಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ದತ್ತಾತ್ರೇಯ ಕ್ಷೇತ್ರ. ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ನಿರ್ಗುಣ ಪಾದುಕೆಯ ದರ್ಶನಕ್ಕೆ ಬರುವ ಸಾವಿರಾರು ಭಕ್ತರ ನಡುವೆ ಮನಸ್ಸು ಕದಡಿದವರನ್ನು ಕರೆತಂದ ಕುಟುಂಬಗಳೂ ಇರುತ್ತವೆ. ಮಂಗಳಾರತಿ ಹೊತ್ತಿಗೆ ಕಂಬ ಹಿಡಿದು ಕೂಗುವವರನ್ನು ನೋಡಿದವರಿಗೆ ಆ ದೃಶ್ಯ ಮರೆಯದು. ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ, ಭೀಮಾ ದಂಡೆಯ ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತು ಹೋಗುವವರಲ್ಲಿ ಜಾತಿ ಧರ್ಮದ ಭೇದವಿಲ್ಲ. ಈ ನಂಬಿಕೆಯನ್ನು ಪಟ್ಟಣದಲ್ಲಿ ಕೂತು ಗೇಲಿ ಮಾಡುವುದು ನನಗೆ ಒಗ್ಗದ ಕೆಲಸ. ಯಾರೂ ಕೇಳಿಸಿಕೊಳ್ಳದವರನ್ನು ದೇವರಾದರೂ ಕೇಳಿಸಿಕೊಳ್ಳುತ್ತಾನೆ ಎಂದು ಜನ ಅಲ್ಲಿಗೆ ಹೋಗುತ್ತಾರೆ. ಆದರೆ ಕಿವಿ ಮೊರೆಯುವವನನ್ನು ದೆವ್ವ ಹಿಡಿದವನೆಂದು ಕರೆದೊಯ್ದರೆ ಅವನ ಭಯ ಇಮ್ಮಡಿಯಾಗುತ್ತದೆ. ಭಯ ಇಮ್ಮಡಿಯಾದರೆ ಸದ್ದು ಏನಾಗುತ್ತದೆ ಎಂದು ಮೇಲೆ ಹೇಳಿದೆ.

ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಆಶ್ರಯಧಾಮದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸತ್ತ ಮೇಲೆ ದೇಶ ಕಣ್ಣು ಬಿಟ್ಟಿತು. ಆಮೇಲೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಎಂಬ ಏರ್ಪಾಡು ನಡೆಯಿತು. ಹರಕೆಯೂ ನಡೆಯಲಿ, ಅಂಗಳದಲ್ಲೇ ಮನೋವೈದ್ಯರೂ ಕೂರಲಿ, ಮುಜಾವರರೇ ರೋಗಿಯನ್ನು ವೈದ್ಯರ ಕಡೆ ಕಳಿಸಲಿ ಎಂಬುದು ಅದರ ಬಗೆ. ದವಾಖಾನೆ ಎಂಬ ಪದವನ್ನೇ ದಿನನಿತ್ಯ ಆಡುವ ನಮ್ಮ ಜಿಲ್ಲೆಗೆ ಈ ಹೆಸರು ಅನುವಾದವಿಲ್ಲದೆ ಒಗ್ಗುತ್ತದೆ. ಗಾಣಗಾಪುರದಲ್ಲಿ ಹುಣ್ಣಿಮೆಗೊಂದು ದಿನ ಇಂಥ ಮೇಜು ಹಾಕಿದರೆ ಯಾವ ದೇವರಿಗೂ ಕೋಪ ಬರಲಾರದು.

ಒಂದು ವ್ಯತ್ಯಾಸವನ್ನು ಮನೆಮಂದಿ ತಿಳಿದಿರಬೇಕು. ಕಿವಿಮೊರೆತದಲ್ಲಿ ಮಾತಿರುವುದಿಲ್ಲ, ಸೀಟಿ, ಮೊರೆತ, ಜೀರುಂಡೆಯ ನಾದ ಇಷ್ಟೇ. ಯಾರೋ ಹೆಸರು ಹಿಡಿದು ಕರೆದಂತೆ, ಬೈದಂತೆ, ಅಪ್ಪಣೆ ಕೊಟ್ಟಂತೆ ಕೇಳಿದರೆ ಅದು ಬೇರೆ. ಅದಕ್ಕೆ ಮನೋವೈದ್ಯರಲ್ಲಿ ಔಷಧಿಯೂ ಇದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಮೊದಲಿನವನು ಬಾಯಿ ಬಿಡುವುದಿಲ್ಲ.

ಇನ್ನೊಂದು ಕುತೂಹಲದ ಸಂಗತಿ. ಆಯುರ್ವೇದಕ್ಕೆ ಈ ಸದ್ದು ರೋಗ; ಸುಶ್ರುತ ಹೇಳುವ 28 ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು. ಆದರೆ ಹಠಯೋಗದ ಗ್ರಂಥಗಳು ಧ್ಯಾನದಲ್ಲಿ ಕಿವಿಯೊಳಗೆ ಕೇಳುವ ದುಂಬಿಯ, ಗಂಟೆಯ, ಕೊಳಲಿನ ನಾದವನ್ನು ಸಾಧನೆಯ ಮೆಟ್ಟಿಲೆಂದು ಬಣ್ಣಿಸುತ್ತವೆ. ಕಡಕೋಳ ಮಡಿವಾಳಪ್ಪನವರ ನಾಡು ಜೇವರ್ಗಿ ಸೀಮೆ. ತತ್ವಪದದ ಭಜನೆ ಮಾಡುವ ಮುತ್ಯಾಗಳಲ್ಲಿ ಅನಾಹತ ನಾದದ ಮಾತಾಡುವವರು ಇಂದಿಗೂ ಸಿಗುತ್ತಾರೆ. ಟಿನ್ನಿಟಸ್ಸನ್ನು ಬ್ರಹ್ಮನಾದವೆಂದು ತಿಳಿದು ಪರೀಕ್ಷೆಗೆ ಹೋಗದೆ ಕೂರಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬನಿಗೆ ಸಾವಿನ ಸೀಟಿಯಂತೆ ಕೇಳಿದ್ದು ಇನ್ನೊಬ್ಬನಿಗೆ ದುಂಬಿಯಂತೆ ಕೇಳಬಹುದಾದರೆ ನರಳಿಕೆಯ ದೊಡ್ಡ ಪಾಲು ನಾವು ಸದ್ದಿಗೆ ಕೊಟ್ಟ ಅರ್ಥದಲ್ಲಿದೆ. ಇವತ್ತು ಹೆಚ್ಚು ಪುರಾವೆಯಿರುವ ಚಿಕಿತ್ಸೆ ಕೆಲಸ ಮಾಡುವುದೂ ಅಲ್ಲಿಯೇ.

ಆ ಚಿಕಿತ್ಸೆಯ ಹೆಸರು ಅರಿವು–ವರ್ತನಾ ಚಿಕಿತ್ಸೆ, ಸಿ.ಬಿ.ಟಿ. ಮಾತ್ರೆಯಿಲ್ಲ, ಯಂತ್ರವಿಲ್ಲ, ಮಾತು ಮತ್ತು ಅಭ್ಯಾಸ ಮಾತ್ರ. “ಇದು ಎಂದೂ ಹೋಗಂಗಿಲ್ಲ, ನನ್ನ ಬಾಳೇ ಮುಗೀತು” ಎಂಬ ಯೋಚನೆಯನ್ನು ಹಿಡಿದು ಕಾಗದದ ಮೇಲೆ ಬರೆಸಿ, ಅದು ಎಷ್ಟು ನಿಜ ಎಂದು ಒರೆಗೆ ಹಚ್ಚುವುದು, ಬಿಟ್ಟುಬಿಟ್ಟ ಕಟ್ಟೆ, ಸಂತೆ, ಮದುವೆಗೆ ಸ್ವಲ್ಪ ಸ್ವಲ್ಪವಾಗಿ ಮರಳುವುದು, ಗಮನವನ್ನು ಸದ್ದಿನಿಂದ ಬೇರೆ ಕಡೆ ತಿರುಗಿಸುವ ರೂಢಿ, ನಿದ್ದೆಯ ಶಿಸ್ತು. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ನೆದರ್‌ಲೆಂಡ್ಸಿನ ಅಧ್ಯಯನದಲ್ಲಿ 492 ರೋಗಿಗಳಿದ್ದರು. ಮಾಮೂಲಿ ಆರೈಕೆಗಿಂತ ಇಂಥ ಹಂತಹಂತದ ಚಿಕಿತ್ಸೆ ಪಡೆದವರ ಬದುಕು ಹೆಚ್ಚು ಸುಧಾರಿಸಿತು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆ 28 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಬದುಕಿನ ಮೇಲೆ ಕಿವಿಮೊರೆತದ ಹೊರೆ ಸಿ.ಬಿ.ಟಿ.ಯಿಂದ ಇಳಿಯಬಹುದು ಎಂದಿತು. ಸದ್ದು ಕಡಿಮೆಯಾಗುತ್ತದೆ ಎನ್ನಲಿಲ್ಲ. ಸದ್ದು ಇದ್ದಲ್ಲೇ ಇರುತ್ತದೆ, ಅದರ ಜೊತೆಗಿನ ಜಗಳ ನಿಲ್ಲುತ್ತದೆ. ಇದನ್ನು ಸೋಲೆನ್ನುವವರಿಗೆ ಕಾಕಾನ ಉತ್ತರ: “ಮನಿ ಬಾಜೂಕ ರೈಲ್ವೆ ಹಳಿ ಇದ್ದವ್ರು ನಿದ್ದಿ ಮಾಡಂಗಿಲ್ಲೇನು?”

ಮಾತ್ರೆಗಳ ಮಾತು ಬೇಗ ಮುಗಿಸುತ್ತೇನೆ. ಬೀಟಾಹಿಸ್ಟಿನ್ ನಮ್ಮಲ್ಲಿ ಕಿವಿ ಮೊರೆತಕ್ಕೆ ಧಾರಾಳವಾಗಿ ಬರೆಯುವ ಗುಳಿಗೆ; 2018ರ ಕಾಕ್ರೇನ್ ಸಮೀಕ್ಷೆಗೆ ಕಿವಿಮೊರೆತದಲ್ಲಿ ಅದರಿಂದ ಉಪಯೋಗವಾದ ಪುರಾವೆ ಸಿಗಲಿಲ್ಲ. ಗಿಂಕ್ಗೊ, ಜಿಂಕ್, ಮೆಲಟೋನಿನ್ ಬೇಡ, ಕಿವಿಮೊರೆತಕ್ಕೆಂದೇ ಖಿನ್ನತೆಯ ಮಾತ್ರೆಯನ್ನು ರೂಢಿಯಂತೆ ಬರೆಯುವುದೂ ಬೇಡ ಎಂದು ಅಮೆರಿಕದ ಕಿವಿ–ಮೂಗು–ಗಂಟಲು ವೈದ್ಯರ ಸಂಘದ 2014ರ ಮಾರ್ಗಸೂಚಿ ಹೇಳಿತು. ಆದರೆ ಖಿನ್ನತೆಯೇ ಬಂದಿದ್ದರೆ ಖಿನ್ನತೆಗೆ ಔಷಧಿ ತೆಗೆದುಕೊಳ್ಳಲೇಬೇಕು. ಮನೋವೈದ್ಯರು ಬರೆದ ಗುಳಿಗೆಯನ್ನು ಈ ಲೇಖನ ಓದಿ ಯಾರೂ ಬಿಡಬಾರದು.

ಕೇಳುವುದು ಕಡಿಮೆಯಾದವರಿಗೆ ಶ್ರವಣಯಂತ್ರದಿಂದ ಎರಡು ಲಾಭ. ಹೊರಗಿನ ಸದ್ದು ಒಳಗೆ ಬಂದಾಗ ಒಳಗಿನದು ಹಿಂದೆ ಸರಿಯುತ್ತದೆ; ಮಾತು ಕೇಳಿಸಿ ಮನುಷ್ಯ ಮತ್ತೆ ಮಂದಿಯಲ್ಲಿ ಬೆರೆಯುತ್ತಾನೆ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅರ್ಹರಿಗೆ ಯಂತ್ರ ಸಿಗುತ್ತದೆ. ಆದರೆ ಶಿಬಿರದಲ್ಲಿ ಸಿಕ್ಕ ಯಂತ್ರ ಟ್ರಂಕಿನಲ್ಲಿ ಕೂತಿರುವ ಮನೆಗಳನ್ನು ನಾನು ಕಂಡಿದ್ದೇನೆ. ಕಿವಿಗೆ ತಕ್ಕಂತೆ ಹೊಂದಿಸಿ, ತಿಂಗಳ ಮೇಲೆ ಮತ್ತೆ ನೋಡುವವರಿಲ್ಲದೆ ಕೊಟ್ಟ ಯಂತ್ರ ಸದ್ದಿನ ಡಬ್ಬಿ ಅಷ್ಟೇ.

ಕಾಕಾನ ಕಥೆಗೆ ಮರಳುತ್ತೇನೆ. ಮೊದಲು ತೋರಿಸಿದ ವೈದ್ಯರು, ಹೆಸರು ಬೇಡ, ಕಿವಿಯಲ್ಲಿ ದೀಪ ಹಾಕಿ ನೋಡಿ ಎರಡೇ ನಿಮಿಷದಲ್ಲಿ ಹೇಳಿದರು: “ಇದಕ್ಕ ಔಷಧ ಇಲ್ಲ, ಹೊಂದ್ಕೊಂಡ್ ಹೋಗ್ರಿ.” ಸುಳ್ಳಲ್ಲ. ಆದರೆ ಹೇಗೆ ಹೊಂದಿಕೊಳ್ಳಬೇಕು ಎನ್ನುವ ಅರ್ಧ ಅವರ ಬಾಯಲ್ಲೇ ಉಳಿಯಿತು. ಆ ದಿನ ಬಸ್ಸಿನಲ್ಲಿ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅದೇ ಮೊದಲು. ಮುಂದೆ ಕೆಲವು ತಿಂಗಳಿಗೆ ಕಲಬುರಗಿಯಲ್ಲಿ ಒಬ್ಬ ಶ್ರವಣತಜ್ಞೆಯ ಬಳಿ ಹೋದೆವು. ಗಾಜಿನ ಕಿಟಕಿಯ ಪುಟ್ಟ ಕೋಣೆ, ದಪ್ಪ ಹೆಡ್‌ಫೋನು. ಮೊದಲು ಕೇಳುವ ಪರೀಕ್ಷೆ: ಕಾಗದದ ಮೇಲೆ ಗೆರೆ ಸಮನಾಗಿ ಬಂದು 4000 ಹರ್ಟ್ಸ್ ಬಳಿ ದಬಕ್ಕನೆ ಗುಂಡಿಗಿಳಿದಿತ್ತು. “ಮಷಿನ್ ಸಪ್ಪಳದಾಗ ಕೆಲಸ ಮಾಡೀರೇನ್ರಿ?” ಎಂದು ಆಕೆ ಗೆರೆ ನೋಡಿಯೇ ಕೇಳಿದಳು. ಆಮೇಲೆ ಒಂದೊಂದೇ ಸ್ವರ ನುಡಿಸುತ್ತ ಹೋದಳು, ನಿಮ್ಮದರಂತೆ ಕೇಳಿದಾಗ ಕೈ ಎತ್ತಿರಿ ಎಂದು. ತೆಳು, ದಪ್ಪ, ಇನ್ನೂ ತೆಳು. ಒಮ್ಮೆಲೇ ಕಾಕಾ ಎದ್ದು ನಿಂತರು. “ಇದೇ ರೀ! ಇದೇ ಅದು! ನಿಮಗೂ ಕೇಳಸ್ತದೇನ್ ಯವ್ವಾ?” ಆಕೆ ಹೌದೆಂದು ತಲೆಯಾಡಿಸಿದಳು. ಆ ರಾತ್ರಿ ಅವರು ನಾಲ್ಕು ತಾಸು ಒಂದೇ ಸಮ ಮಲಗಿದರು. ಯಾವ ಗುಳಿಗೆಯೂ ಇರಲಿಲ್ಲ. ತನ್ನ ಸಪ್ಪಳವನ್ನು ಇನ್ನೊಬ್ಬರೂ ಕೇಳಿದರು, ಅದಕ್ಕೊಂದು ನಂಬರಿದೆ, ಕಾರಣವಿದೆ ಎಂಬ ಸಮಾಧಾನ ಮಾತ್ರ.

ಕಷ್ಟವನ್ನೂ ಹೀಗೆ ಅಳೆಯಲು ಬರುತ್ತದೆ. 1996ರಲ್ಲಿ ಅಮೆರಿಕದಲ್ಲಿ ಸಿದ್ಧವಾದ 25 ಪ್ರಶ್ನೆಗಳ ಒಂದು ಪಟ್ಟಿಯಿದೆ. ನಿದ್ದೆ, ಸಿಟ್ಟು, ಗಮನ, ಹತಾಶೆ, ಮನೆಮಂದಿಯ ಜೊತೆಗಿನ ಸಂಬಂಧ ಹೀಗೆ ಒಂದೊಂದನ್ನೂ ಕೇಳಿ, ಹೌದು ಎಂದರೆ ನಾಲ್ಕು, ಆಗಾಗ ಎಂದರೆ ಎರಡು, ಇಲ್ಲ ಎಂದರೆ ಸೊನ್ನೆ ಹಾಕುತ್ತಾರೆ. ಒಟ್ಟು ನೂರು, 16ರೊಳಗಿದ್ದರೆ ಚಿಂತೆಯಿಲ್ಲ, 58 ಮುಟ್ಟಿದರೆ ತೀವ್ರ. ಇದರ ಕನ್ನಡ ರೂಪವೂ 2012ರಲ್ಲೇ ಪರೀಕ್ಷೆಗೊಳಪಟ್ಟು ಪ್ರಕಟವಾಗಿದೆ. ಓದು ಬಾರದವರಿಗೆ ಬಾಯಲ್ಲಿ ಕೇಳಬೇಕು, ಕೇಳುವ ಮಾತು ಜೇವರ್ಗಿಯ ಸಂತೆಯ ಮಾತಾಗಿರಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲೇ ಮನಃಶಾಸ್ತ್ರ ವಿಭಾಗವಿದೆ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಆ 25 ಪ್ರಶ್ನೆ ಕೇಳಿಕೊಂಡು ಬರಲು ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಸಾಕು.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ನಮ್ಮ ಈ ಮೂರೂ ಇದ್ದವು. ಆದ್ದರಿಂದ ‘ಇಲ್ಲೇನಿದೆ?’ ಎಂದು ಕೈಚೆಲ್ಲುವುದು ನಮಗೆ ರೂಢಿ. ಆದರೆ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ತೋರಿಸಿದ್ದು ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ. ಮನೋವೈದ್ಯರಿಲ್ಲದ ಹಳ್ಳಿಯಲ್ಲಿ ಪ್ರಾಥಮಿಕ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಚಿಕಿತ್ಸೆ ನಡೆಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಮಾನಸಿಕ ತೊಂದರೆಯಿದೆ, ಕಾಯಿಲೆಯನ್ನು ಅನುಸರಿಸಿ ಅವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ವರದಿ ಮಾಡಿತು.

ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006–07ರಿಂದ ಇದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲಿ ಕಿವಿಯೂ ಇದೆ, ಮನಸ್ಸೂ ಇದೆ. ತೊಡಕಿರುವುದು ಇಲ್ಲಿ: ಕಿವಿಯದು ಒಂದು ರಜಿಸ್ಟರು, ಮನಸ್ಸಿನದು ಇನ್ನೊಂದು. ಕಿವಿಮೊರೆತದವನು ಎರಡರ ನಡುವಿನ ಸಂದಿಯಲ್ಲಿ ಬೀಳುತ್ತಾನೆ. ಕಿವಿಯ ವೈದ್ಯರು “ಕಿವಿ ಸರಿ ಅದ” ಎನ್ನುತ್ತಾರೆ, ಮನೋವೈದ್ಯರು “ಕಿವಿ ತೋರಿಸಿ ಬರ್ರಿ” ಎನ್ನುತ್ತಾರೆ. ಇದಕ್ಕೆ ಹೊಸ ಕಟ್ಟಡವಾಗಲಿ, ಕೋಟಿಗಟ್ಟಲೆ ಅನುದಾನವಾಗಲಿ ಬೇಕಿಲ್ಲ. ಮಂಗಳವಾರದ ಚೀಟಿಯಲ್ಲಿ “ಕಿವ್ಯಾಗ ಸಪ್ಪಳ ಬರ್ತದೇನ್ರಿ?” ಎಂಬ ಒಂದು ಪ್ರಶ್ನೆ, ಕಿವಿಯ ವೈದ್ಯರ ಚೀಟಿಯಲ್ಲಿ “ನಿದ್ದಿ ಬರ್ತದೇನ್ರಿ?” ಎಂಬ ಇನ್ನೊಂದು ಸೇರಿದರೆ ಅರ್ಧ ಕೆಲಸ ಆದಂತೆ. ಆಶಾ ಕಾರ್ಯಕರ್ತೆಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಹಿಡಿಯುತ್ತದೆ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಂಥ ಸಂಸ್ಥೆ ನಮ್ಮ ರಾಜ್ಯದಲ್ಲಿರುವುದು ಭಾಗ್ಯ. ಆದರೆ ಅಫಜಲಪುರದವನಿಗೆ ಮೈಸೂರು ಎಂದರೆ ರಾತ್ರಿಯಿಡೀ ಪ್ರಯಾಣ, ಎರಡು ದಿನದ ಕೂಲಿ ನಷ್ಟ. ಅಂಥವರಿಗೆ ಮೊದಲ ಮೆಟ್ಟಿಲಾಗಿ ಕೈಯಲ್ಲಿರುವ ಫೋನು ಸಾಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚರಿಗಷ್ಟೇ ಅಲ್ಲ ಅದು, ನಿದ್ದೆ ಬಾರದವರಿಗೂ. ಸಾಕಾಯಿತು ಈ ಜೀವ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಬೆಳಗಾಗುವವರೆಗೆ ಕಾಯದೆ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಕಾಕಾ ಈಗ ಹೇಗಿದ್ದಾರೆ ಎಂದರೆ, ಸಪ್ಪಳ ಹೋಗಿಲ್ಲ. ತಲೆದಿಂಬಿನ ಬಳಿ ರೇಡಿಯೋ ಸಣ್ಣಗೆ ಹಚ್ಚಿಕೊಂಡು ಮಲಗುತ್ತಾರೆ. ಒಳಗಿನ ಸದ್ದನ್ನು ಪೂರ್ತಿ ಮುಚ್ಚುವಷ್ಟು ಜೋರಲ್ಲ, ಅದರ ಪಕ್ಕ ಕೂರುವಷ್ಟು. ಬೇಸಿಗೆ ಸಲೀಸು, ಕೂಲರ್ ಇರುತ್ತದೆ. ಚಳಿಗಾಲದ ನಿಶ್ಶಬ್ದವೇ ಕಷ್ಟ. ಸಂಜೆಯ ಮೇಲೆ ಚಹಾ ಬಿಟ್ಟಿದ್ದಾರೆ. ನಿದ್ದೆ ಹತ್ತದಿದ್ದರೆ ಹೊರಳಾಡದೆ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬರುತ್ತಾರೆ. ಅಮಾವಾಸ್ಯೆಯ ಭಜನೆಗೆ ಮತ್ತೆ ಹೋಗತೊಡಗಿದ್ದಾರೆ, ತಾಳ ಹಾಕುವವರಿಂದ ದೂರ, ಏಕತಾರಿ ಹಿಡಿದ ಮುತ್ಯಾನ ಮಗ್ಗುಲಲ್ಲಿ ಜಾಗ ಹಿಡಿಯುತ್ತಾರೆ. ಏಕತಾರಿಯ ಶ್ರುತಿಯೊಳಗೆ ತನ್ನ ಸಪ್ಪಳ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲವಂತೆ. ಅವರ ಮಗ ರಾಶಿ ಮಷಿನ್ನಿಗೆ ನಿಲ್ಲುವಾಗ ಕಿವಿಗೆ ಮೆಡಿಕಲ್ ಅಂಗಡಿಯ ಇಯರ್‌ಪ್ಲಗ್ ಹಾಕಿಕೊಳ್ಳುತ್ತಾನೆ. ಓರಗೆಯವರು ನಗುತ್ತಾರೆ, ಅವನು ತೆಗೆಯುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ಒಂದೇ ಕಿವಿಯಲ್ಲಿ ಸಪ್ಪಳ, ಎದೆಬಡಿತದ ಜೊತೆ ಬಡಿಯುವ ಸಪ್ಪಳ, ಜೊತೆಗೆ ತಲೆಸುತ್ತು, ಕಿವಿ ಸೋರುವುದು ಇದ್ದರೆ ತಡಮಾಡದೆ ತೋರಿಸಿ. ಒಂದೆರಡು ದಿನದಲ್ಲಿ ಏಕಾಏಕಿ ಕಿವಿ ಕೇಳದಂತಾದರೆ ಅದೇ ದಿನ ಹೊರಡಿ. ಬೇಗ ಔಷಧಿ ಶುರುವಾದರೆ ಕಿವಿ ಮರಳುವ ಆಸೆಯಿದೆ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ ನಲವತ್ತು ಕಿ.ಮೀ. ಆಸುಪಾಸು, ಅಫಜಲಪುರದಿಂದ ಇನ್ನಷ್ಟು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಮನೆ ಸೇರಬಹುದು. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಮತ್ತೆ ಕಿವಿಮೊರೆತದವರನ್ನು ಒಬ್ಬರನ್ನೇ ಕಳಿಸಬೇಡಿ.